ಜೀವಕ್ಕೆ ಅಪಾಯವಿಲ್ಲ

ಅಪ್ಪನ ಕಟಿಂಗ್ ಶಾಪಿನಲ್ಲಿ ಎರಡು ಕುರ್ಚಿ, ಒಂದು ಬೆಂಚು. ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತವರೆಲ್ಲ ಒಂದೋ ಸರ್ಕಾರ ಬೀಳಿಸುವವರು, ಇಲ್ಲವೇ ಎತ್ತಿ ನಿಲ್ಲಿಸುವವರು. ಇಪ್ಪತ್ತೆಂಟು ವರ್ಷ ಅಪ್ಪ ಎರಡೂ ಕಡೆಯವರ ಗಡ್ಡ ಬೋಳಿಸಿದರು. ಯಾರ ಮಾತಿಗೂ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆಮೇಲೆ ಅವರ ಕೈಗಳು ನಡುಗತೊಡಗಿದವು. ಮೊದಲು ಲೋಟದಲ್ಲಿನ ಚಹಾ ತುಳುಕಿತು. ಒಂದು ದಿನ ಮೇಷ್ಟ್ರೊಬ್ಬರ ಕಿವಿಯ ಕೆಳಗೆ ರಕ್ತ ಬಂತು. "ಪರವಾಗಿಲ್ಲ ಬಿಡಿ" ಎಂದು ಹೋದ ಮೇಷ್ಟ್ರು ಮತ್ತೆ ಬರಲಿಲ್ಲ. ಅಪ್ಪ ಕತ್ತಿಯನ್ನು ಡ್ರಾಯರಿಗೆ ಹಾಕಿ, ಖಾಲಿ ಕುರ್ಚಿಗಳನ್ನು ಒರೆಸುತ್ತಾ ದಿನ ಕಳೆದರು.

ಮಾತ್ರೆಗಳು ನಾಟಲಿಲ್ಲ. "ಹೊಸ ಯಂತ್ರ ಬಂದಿದೆ" ಅಂದರು ನರರೋಗದ ಡಾಕ್ಟರಮ್ಮ. "ತಲೆ ಕೊಯ್ಯೋದಿಲ್ಲ. ಶಬ್ದದ ಅಲೆಗಳನ್ನ ಮೆದುಳಲ್ಲಿ ನಡುಕ ಹುಟ್ಟಿಸೋ ಒಂದು ಚುಕ್ಕೆಗೆ ಗುರಿಯಿಡ್ತೀವಿ. ಸದ್ಯಕ್ಕೆ ಒಂದು ಕೈಗೆ ಮಾತ್ರ."

ನನ್ನ ಸೋದರಮಾವ ಎದೆಯುಬ್ಬಿಸಿದ. ಆಳುವ ಪಕ್ಷದ ಕಾರ್ಯಕರ್ತ ಅವನು. ಸರ್ಕಾರದ ಆರೋಗ್ಯ ಕಾರ್ಡನ್ನು ಮನೆಮನೆಗೆ ಹಂಚಿದವನು. "ಕಾರ್ಡ್ ಇರೋದು ಮತ್ಯಾಕೆ ಭಾವ? ಹೋಗಿ ಮಲಗಿ, ಎದ್ದು ಬನ್ನಿ, ಅಷ್ಟೇ."

ಅರ್ಜಿ ಹಾಕಿದ ನಾಲ್ಕೇ ನಿಮಿಷಕ್ಕೆ ನನ್ನ ಫೋನಿಗೆ ಉತ್ತರ ಬಂತು: 'ಜೀವಕ್ಕೆ ಅಪಾಯವಿಲ್ಲ. ಚಿಕಿತ್ಸೆ ಅನಗತ್ಯ.'

ನಾಲ್ಕು ನಿಮಿಷ! ಅಪ್ಪ ಒಂದು ಗಡ್ಡಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಕೊಡುತ್ತಿದ್ದರು. ಅರ್ಜಿ ಓದಿದ್ದು ಯಾರು ಎಂದು ಫೋನ್ ಮಾಡಿ ಕೇಳಿದೆ. ಯಾರೂ ಅಲ್ಲವಂತೆ, ಕಂಪ್ಯೂಟರಂತೆ.

"ಕಂಪ್ಯೂಟರ್ ಲಂಚ ಕೇಳಲ್ಲ, ಶಿಫಾರಸು ಕೇಳಲ್ಲ" ಅಂದ ಮಾವ. "ಮೊದಲು ಹೇಗಿತ್ತು ಅಂತ ನಿನಗೇನು ಗೊತ್ತು?"

"ಮುಖಾನೂ ನೋಡಲ್ಲ ಮಾವ. ಇದೇನಾ ನೀವು ಹಂಚಿದ್ದು?"

"ಎಲ್ಲದಕ್ಕೂ ಸರ್ಕಾರಾನ ಬೈಯೋದು ನಿನಗೊಂದು ಚಟ!"

"ಇಬ್ಬರೂ ಬಾಯಿ ಮುಚ್ಚಿ" ಅಂದರು ಅಪ್ಪ. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾಳೆ ಮೂವರೂ ಆ ಕಾರ್ಡಿನ ಆಫೀಸಿಗೆ ಹೋಗೋಣ."

ಆಫೀಸಿನಲ್ಲಿ ಎರಡು ಗಂಟೆ ಕಾಯಿಸಿದರು. ಕೊನೆಗೆ ಒಳಗೆ ಕರೆದ ಅಧಿಕಾರಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಇದರಿಂದ ಯಾರೂ ಸಾಯಲ್ಲ, ಯಜಮಾನರೇ. ಕಂಪ್ಯೂಟರೇ ಬೇಡ ಅಂದಮೇಲೆ ನಾನೇನು ಮಾಡಲಿ?"

ಅಪ್ಪ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಕತ್ತಿ ತೆಗೆದರು. ಬಿಚ್ಚುವಷ್ಟರಲ್ಲಿ ಅದು ಎರಡು ಸಲ ಮೇಜಿಗೆ ಬಡಿಯಿತು. ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಹೆದರಬೇಡಿ ಸ್ವಾಮಿ, ಗಡ್ಡ ಮಾಡ್ತೀನಿ. ಈ ಕೈಗೆ ಚಿಕಿತ್ಸೆ ಬೇಡ ಅಂತ ತಾನೇ ನೀವು ಬರೆದಿರೋದು? ಕತ್ತು ಕೊಡಿ."

ಆಗ ಮಾವ ತಟ್ಟನೆ ಪಕ್ಕದ ಸ್ಟೂಲಿನಲ್ಲಿ ಕೂತು ಗಲ್ಲ ಎತ್ತಿದ. "ನನಗೆ ಮಾಡಿ ಭಾವ. ಇವರು ನೋಡಲಿ."

ಕತ್ತಿ ಮಾವನ ಕೆನ್ನೆಯ ಹತ್ತಿರ ಹೋಯಿತು. ಅದರ ಹೊಳಪು ಗೋಡೆಯ ಮೇಲೆಲ್ಲ ಕುಣಿಯಿತು. ಮಾವ ಕಣ್ಣು ಮುಚ್ಚಿದ್ದ, ಅಲುಗಲಿಲ್ಲ. ಅಪ್ಪನೇ ಕೈ ಹಿಂದಕ್ಕೆ ತೆಗೆದರು.

"ಬೇಡ. ವಾದ ಗೆಲ್ಲೋದಕ್ಕೆ ಮನುಷ್ಯರನ್ನ ಕುಯ್ಯೋ ಕೆಲಸ ನನ್ನದಲ್ಲ." ಅಧಿಕಾರಿಯತ್ತ ತಿರುಗಿದರು. "ಉಸಿರಾಡ್ತಿದ್ದರೆ ಸಾಕು ಅಂತೀರಲ್ಲ, ಬದುಕೋದು ಅಂದ್ರೆ ಅಷ್ಟೇನಾ?"

ಮಾವ ಎದ್ದು ತನ್ನ ಪಕ್ಷದ ಬ್ಯಾಡ್ಜನ್ನು ಮುಟ್ಟಿ ತೋರಿಸಿದ. "ಈ ಕಾರ್ಡನ್ನ ಮುನ್ನೂರು ಮನೆಗೆ ಕೊಟ್ಟವನು ನಾನು. ಆ ಮುನ್ನೂರು ಮನೆಗೂ ಹೋಗಿ ಇವತ್ತಿನ ಕಥೆ ಹೇಳ್ತೀನಿ. ಯಾರ ಸರ್ಕಾರವಾದರೂ ಸರಿ!"

ಆ ಅಧಿಕಾರಿ ಕೊನೆಗೂ ಪೆನ್ನು ಹಿಡಿದ. ಫೈಲು ಡಾಕ್ಟರುಗಳ ಸಮಿತಿಗೆ ಹೋಯಿತು. ಹನ್ನೊಂದು ವಾರ, ಆರು ಓಡಾಟ. ಕಡೆಗೆ ಬಲಗೈಗೆ ಮಂಜೂರಾಯಿತು.

ಯಂತ್ರದಿಂದ ಎದ್ದ ಅಪ್ಪ ಬಲಗೈಯನ್ನು ಮುಖದ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. ಅದು ನೆಟ್ಟಗೆ ನಿಂತಿತ್ತು. ಎಡಗೈ ಇನ್ನೂ ನಡುಗುತ್ತದೆ. ಶಾಪಿನಲ್ಲಿ ಈಗ ಕೆನ್ನೆಯ ಚರ್ಮವನ್ನು ಗಿರಾಕಿಗಳೇ ಎಳೆದು ಹಿಡಿದುಕೊಳ್ಳುತ್ತಾರೆ.

"ನೋಡಿದ್ರಾ, ನಮ್ಮ ಸರ್ಕಾರ ಕೊಡ್ತು" ಅಂದ ಮಾವ, ಬೆಂಚಿನ ಮೇಲೆ ಕೂತು.

"ಕೊಡಲಿಲ್ಲ ಕಣೋ, ಕಿತ್ಕೊಂಡ್ವಿ" ಅಂದರು ಅಪ್ಪ. "ಕಿತ್ಕೊಳ್ಳೋಕೆ ಆಗದೋರು ಏನು ಮಾಡ್ಬೇಕು, ಅದನ್ನ ಹೇಳು."