ಉಪ್ಪಿಲ್ಲದ ಸೂಪಿನ ಸಂಘ

ನಮ್ಮ ಗೃಹವಿಜ್ಞಾನ ವಿದ್ಯಾರ್ಥಿ ಸಂಘದ ವರ್ಷದ ಮೊದಲ ಸಭೆಯಲ್ಲಿ ಎಲ್ಲರೂ ಉಪ್ಪಿಲ್ಲದ ಆಲೂಗಡ್ಡೆ ಸೂಪು ಕುಡಿಯಬೇಕು. ಮುಖ ಸಿಂಡರಿಸುವಂತಿಲ್ಲ, ಕಾರಣ ಕೇಳುವಂತಿಲ್ಲ. ಕೇಳಬೇಡ ಎಂದರೆ ಸಾಕು, ನನಗೆ ತಲೆಯೊಳಗೆ ಹುಳ ಬಿಟ್ಟಂತಾಗುತ್ತದೆ. ಸಂಘದ ಸುವರ್ಣ ಮಹೋತ್ಸವಕ್ಕೆ ಅದರ ಇತಿಹಾಸ ಬರೆಯುವ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದರಿಂದ ಕೇಳಲು ನೆಪವೂ ಸಿಕ್ಕಿತು.

"ಮೊದಲ್ನೇ ಬ್ಯಾಚಿನವ್ರು ಉಪ್ಪು ಮರೆತಿರ್ಬೇಕು ಕಣೇ," ಎಂದಳು ಅಧ್ಯಕ್ಷೆ. ಹೊಲಿಗೆ ಮೇಡಂ, "ನಾಲಿಗೆಗೆ ಶಿಸ್ತು," ಎಂದರು. ಬರೀ ಬೊಗಳೆ! ಒಂದು ಸಲ ಮರೆಯಬಹುದು, ಐವತ್ತು ವರ್ಷ ಮರೆಯುತ್ತಾರೆಯೇ?

ಮನೆಯಲ್ಲಿ ಬೇರೆಯದೇ ತಲೆನೋವು. ಅಜ್ಜಿಯ ಕಾಲು ಊದಿಕೊಂಡು, ಡಾಕ್ಟರು ಉಪ್ಪು ಬಿಡಿಸಿದ್ದರು. ಅಮ್ಮ ಅವಳಿಗೆಂದು ಪುಟ್ಟ ಪಾತ್ರೆಯಲ್ಲಿ ಬೇರೆ ಬೇಯಿಸುತ್ತಿದ್ದಳು. ಅಜ್ಜಿ ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದಳು. ಅವಳ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಹೀಗೇ ಆದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ನನಗೆ ಭಯ, ಭಯವಾದರೆ ನಾನು ರೇಗುತ್ತೇನೆ. "ಮಗೂಗೆ ಹೇಳ್ದಂಗೆ ಹೇಳ್ತಿದೀವಿ, ತಿನ್ನಬಾರ್ದಾ?" ಎಂದು ಅವಳ ಮೇಲೇ ಹರಿಹಾಯ್ದಿದ್ದೆ.

ಭಾನುವಾರ ಸಂಘದ ಮೊದಲ ಕಾರ್ಯದರ್ಶಿಯ ಮನೆ ಹುಡುಕಿಕೊಂಡು ಹೋದೆ. ನಿವೃತ್ತ ಟೀಚರ್. ಕೂರಿಸಿದ್ದೇ ತಡ, ಬಟಾಣಿ ಸುಲಿಯಲು ಕೊಟ್ಟರು.

"ಮರೆತದ್ದಾ? ನಮ್ಮನ್ನ ಏನಂದ್ಕೊಂಡ್ಯೇ!" ಎಂದು ಗದರಿದರು. "ಆಗ ಸಂಘ ಗಿಂಘ ಏನೂ ಇರ್ಲಿಲ್ಲ. ಹಾಸ್ಟೆಲಲ್ಲಿ ಒಬ್ಬಳಿದ್ಲು, ಗುಬ್ಬಿ ಅಂತಿದ್ವಿ. ಕಾಯಿಲೆಯವಳು, ಉಪ್ಪು ಮುಟ್ಟೋ ಹಾಗಿರ್ಲಿಲ್ಲ. ಪಥ್ಯದ ಪಾಠದಲ್ಲಿ ಕಲಿತದ್ದೆಲ್ಲ ಮಾಡಿಕೊಟ್ವಿ. ನಿಂಬೆ ಹಿಂಡಿದ್ವಿ, ಮೆಣಸು ಹಾಕಿದ್ವಿ. ಜಪ್ಪಯ್ಯ ಅಂದ್ರೂ ತಿನ್ಲಿಲ್ಲ."

"ಆಮೇಲೆ?"

"ಒಂದಿನ ಸಾಕಾಗಿ, ಅವಳ ಸೂಪನ್ನೇ ಎಲ್ರೂ ಬಡಿಸ್ಕೊಂಡು ಪಕ್ಕದಲ್ಲಿ ಕೂತ್ವಿ. ಅವತ್ತು ಕುಡಿದ್ಲು ನೋಡು! ಮುಂದೆ ಅವಳ ಜೊತೆ ಊಟಕ್ಕೆ ದಿನಾ ಒಬ್ಬೊಬ್ಬರ ಸರದಿ. ಆ ಗುಂಪಿಗೇ ಸಂಘ ಅಂತ ಹೆಸರಿಟ್ವಿ."

"ಮತ್ತೆ ಕಾರಣ ಯಾಕೆ ಮುಚ್ಚಿಟ್ರಿ?"

"ಅವಳಿಗೆ ಮುಜುಗರ ಆಗ್ಬಾರ್ದಲ್ಲ. ಈಗ ಗುಂಡುಕಲ್ಲಿನ ಹಾಗಿದಾಳೆ. ಸಂಘದ ಇತಿಹಾಸ ಬರೀತಾರಂತೆ ಅಂದಿದ್ದಕ್ಕೆ, ಬರೀಲಿ ಬಿಡು ಅಂತ ಅವಳೇ ಅಂದ್ಲು."

ನನ್ನ ಕೈಯಲ್ಲಿದ್ದ ಬಟಾಣಿ ಕೈಯಲ್ಲೇ ಉಳಿಯಿತು. ಅಜ್ಜಿಗೆ ಬೇಸರ ತಂದದ್ದು ಸಪ್ಪೆ ಊಟವೋ, ಆ ಪುಟ್ಟ ಪಾತ್ರೆಯೋ? ಸಂಘದಲ್ಲಿ ಮೂರು ವರ್ಷ ಸೂಪು ಕುಡಿದವಳಿಗೆ ಇದು ಹೊಳೆಯಲೇ ಇಲ್ಲವಲ್ಲ!

ಮನೆಗೆ ಬಂದವಳೇ ಪುಟ್ಟ ಪಾತ್ರೆಯನ್ನು ಕಪಾಟಿನೊಳಗೆ ತಳ್ಳಿದೆ. "ಎಲ್ರಿಗೂ ಒಂದೇ ಅಡುಗೆ ಅಮ್ಮ. ಉಪ್ಪು ಬೇಡ." ಅಮ್ಮ ನನ್ನ ಮುಖ ನೋಡಿ, ಉಪ್ಪಿನ ಡಬ್ಬಿಯನ್ನು ಮೇಲಿಟ್ಟಳು.

ಅಪ್ಪ ಮೊದಲ ತುತ್ತಿಗೇ, "ಇದೇನೇ ಇದು..." ಎಂದರು. ಅಮ್ಮ ಕಣ್ಣು ಬಿಟ್ಟಳು. ಅಪ್ಪ ತೆಪ್ಪಗೆ ನುಂಗಿದರು.

ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೈಚಾಚಿ ಮಗನ ತಟ್ಟೆಯಿಂದ ಚೂರು ಬಾಯಿಗೆ ಹಾಕಿಕೊಂಡಳು.

"ಅಯ್ಯೋ ನನ್ನಪ್ಪಾ, ನಿಂಗೂ ಸಪ್ಪೇನಾ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತನ್ನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ಹಾಕೇ ಇನ್ನೊಂದು ಸೌಟು. ಇವನೊಬ್ಬನೇ ಯಾಕೆ ಅನುಭವಿಸ್ಬೇಕು?"