ಓರೆ ಕತ್ತರಿಸಿದ ತುದಿ

ನಮ್ಮ ಮನೆಯವರು ಬಾಯಿ ಬಿಟ್ಟರೆ ಮುತ್ತು ಉದುರಿಹೋದೀತು ಎಂದು ಹೆದರಿಕೊಂಡವರ ಹಾಗೆ ಇದ್ದರು. ಮೂವತ್ತೊಂದು ವರ್ಷ ಜೊತೆಗಿದ್ದು ನಾನು ಹೆಕ್ಕಿಕೊಂಡದ್ದು ಹೆಚ್ಚೆಂದರೆ ಒಂದು ಹಿಡಿ. "ಊಟ ಆಯ್ತಾ", "ಛತ್ರಿ ತಗೊಂಡು ಹೋಗು", "ಪಟ್ಟಿ ತಂದ್ಯಾ" ಇವು ಮೂರು ದಿನಬಳಕೆಯವು. ಮಕ್ಕಳಿಲ್ಲದ ಮನೆ ಬೇರೆ. ಮಾತಾಡಿಸಲು ಮೂರನೆಯವರು ಇರಲಿಲ್ಲ.

ಪಟ್ಟಿ ಅಂದರೆ ಬಟ್ಟೆಯ ಪಟ್ಟಿ. ನಾನು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಹರಿದ ಹಾಸಿಗೆ ಬಟ್ಟೆಗಳು ಮೂಟೆ ಮೂಟೆಯಾಗಿ ಬರುತ್ತವೆ. ಗಟ್ಟಿ ಇರುವ ಭಾಗ ದಿಂಬಿನ ಚೀಲಕ್ಕೆ, ಸವೆದದ್ದು ಒರೆಸುವುದಕ್ಕೆ, ಕೊನೆಗೆ ಉಳಿಯುವುದು ದಪ್ಪ ಹೊಲಿಗೆಯ ಅಂಚು. ಅದನ್ನು ಗೇಣುದ್ದ ಗೇಣುದ್ದ ಕತ್ತರಿಸಿ ದಿನವೂ ಮನೆಗೆ ತರುತ್ತಿದ್ದೆ. ಅವರು ನರ್ಸರಿಯಲ್ಲಿ ಗಿಡದ ಕಡ್ಡಿ ಕತ್ತರಿಸುವ ಕೆಲಸದಲ್ಲಿದ್ದರು. ಇಪ್ಪತ್ತೋ ಇಪ್ಪತ್ತೆರಡೋ ಕಡ್ಡಿ ಜೋಡಿಸಿ ಒಂದು ಕಟ್ಟು ಮಾಡುವುದು, ಆ ಕಟ್ಟಿಗೆ ನನ್ನ ಪಟ್ಟಿ. ನಮ್ಮಿಬ್ಬರ ಕೆಲಸಕ್ಕೆ ಇದ್ದ ಸಂಬಂಧ ಅಷ್ಟೇ. ನಾನು ಅವರ ನರ್ಸರಿಯ ಒಳಗೆ ಕಾಲಿಟ್ಟವಳಲ್ಲ, ಅವರು ನನ್ನ ಹೊಲಿಗೆ ಯಂತ್ರ ಕಂಡವರಲ್ಲ.

ಅವರ ಕೈಗೆ ಹೆಚ್ಚಾಗಿ ಬರುತ್ತಿದ್ದದ್ದು ಹಳದಿ ಗಂಟೆಹೂವಿನ ಗಿಡ. ನೀವೂ ನೋಡಿರುತ್ತೀರಿ, ಆದರೆ ನಿಂತು ನೋಡಿರಲಾರಿರಿ. ರಸ್ತೆಯ ನಡುವಿನ ಸಾಲಿನಲ್ಲಿ, ಶಾಲೆಯ ಬೇಲಿಯಲ್ಲಿ, ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಇರುತ್ತದೆ. ನೀರು ಹಾಕುವುದು ಮರೆತರೆ ಮುನಿಸಿಕೊಳ್ಳುವುದಿಲ್ಲ, ಲಾರಿಯ ಹೊಗೆ ಕುಡಿಸಿದರೂ ಕೆಮ್ಮುವುದಿಲ್ಲ, ಮೊಣಕಾಲಿನಷ್ಟಕ್ಕೆ ಸವರಿ ಹಾಕಿದರೆ ಎರಡು ತಿಂಗಳಲ್ಲಿ ಮತ್ತೆ ಎದೆಯುದ್ದ ಬೆಳೆದು ಗೊಂಚಲು ಗೊಂಚಲು ಹೂ ಬಿಡುತ್ತದೆ. "ಗುಲಾಬಿ ಬೆಳೆಸೋದಲ್ವಾ, ನಾಲ್ಕು ಜನ ನೋಡ್ತಾರೆ" ಅಂತ ಒಮ್ಮೆ ಛೇಡಿಸಿದ್ದೆ. "ಗುಲಾಬಿಗೆ ಎಲ್ಲರೂ ಇದ್ದಾರೆ" ಅಂದರು. ನನ್ನ ಹಿಡಿಯಲ್ಲಿರುವ ಮುತ್ತುಗಳಲ್ಲಿ ಅದೂ ಒಂದು.

ಇನ್ನೊಂದು ಸಂಗತಿ ಇದೆ, ಹೇಳಲು ನಾಚಿಕೆಯಾಗುತ್ತದೆ. ಮದುವೆಯಾದ ಹೊಸತು. ಒಂದು ಸಂಜೆ ಅಂಗಿಯ ಜೇಬಿನಿಂದ ಐದು ಹಳದಿ ಹೂ ತೆಗೆದು, ನನ್ನ ಎಡಗೈ ಹಿಡಿದು, ಒಂದೊಂದು ಬೆರಳಿಗೆ ಒಂದೊಂದು ಟೋಪಿಯ ಹಾಗೆ ಸಿಕ್ಕಿಸಿದರು. "ಹೇಗಿದೆ?" ಅಂದರು. ಆ ದಿನ ಮೂಟೆ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿತ್ತು. "ನಂಗೆ ಪಾತ್ರೆ ತೊಳೆಯೋದಿದೆ ರೀ" ಅಂದೆ, ಕೈ ಕೊಡವಿಕೊಂಡೆ. ಆಮೇಲೆ ಅವರು ಒಂದು ಎಲೆಯನ್ನೂ ಮನೆಗೆ ತರಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಅಷ್ಟು ವರ್ಷ ಏನೂ ತರದವರು ಹೋದ ವರ್ಷ ಒಂದು ಮಧ್ಯಾಹ್ನ ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಯ ಕಟ್ಟು ಹಿಡಿದು ಬೇಗ ಬಂದರು. ನನಗೆ ವಾರದ ರಜೆ, ಮನೆಯಲ್ಲಿದ್ದೆ. "ಯಾಕೋ ಎದೆ ಹಿಡಿದ ಹಾಗಿದೆ" ಅಂದು ಗೋಡೆಗೊರಗಿ ಕೂತರು. ಕೆಳಗಿನ ಮನೆಯವರನ್ನು ಕೂಗಿ ಗಾಡಿ ತರಿಸುವಷ್ಟರಲ್ಲಿ ಎಲ್ಲ ಮುಗಿದುಹೋಯಿತು. ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದುಕೊಂಡು ಹೋದದ್ದು. ಅವರ ಮೇಲೆ ಹೊದಿಸಿದ್ದು ನಾನೇ ಅಂಚು ಹೊಲಿದ ಬಟ್ಟೆ.

ಜನ ಬಂದರು, ಹೋದರು. ಒಂಬತ್ತನೇ ದಿನ ಬಾಗಿಲ ಮೂಲೆಯಲ್ಲಿದ್ದ ಗೋಣಿ ಕಣ್ಣಿಗೆ ಬಿತ್ತು. ಇನ್ನೂ ತೇವವಿತ್ತು. ಬಿಚ್ಚಿ ನೋಡಿದರೆ ಪೆನ್ಸಿಲ್ ದಪ್ಪದ ಇಪ್ಪತ್ತೆರಡು ಕಡ್ಡಿ. ಒಂದು ತುದಿ ನೇರವಾಗಿ, ಇನ್ನೊಂದು ಓರೆಯಾಗಿ, ಸೌತೆಕಾಯಿ ಹೆಚ್ಚಿದಷ್ಟು ನುಣ್ಣಗೆ ಕತ್ತರಿಸಿದ್ದರು. ಒಂದು ತುದಿಯ ಹತ್ತಿರ ನನ್ನ ಪಟ್ಟಿ. ಒಂದಲ್ಲ, ಎರಡು ಪಟ್ಟಿ ಗಂಟು ಹಾಕಿ ಒಂದು ಮಾಡಿದ್ದು. ಅದನ್ನು ಬಿಚ್ಚಿ ಬಿಸಾಡಿದೆ.

ಯಾರಿಗೆ ಅಂತ ತಂದರು? ಗೊತ್ತಿಲ್ಲ. ಯಾವ ಗಿಡದ್ದು ಅನ್ನುವುದಾದರೂ ತಿಳಿಯಲಿ ಎಂದು ನರ್ಸರಿಗೆ ಹೋದೆ, ಮೊದಲ ಸಲ. ಗೇಟಿನ ಪಕ್ಕದ ಹಳೆಯ ಗಿಡದ್ದು, ಅವರೇ ನೆಟ್ಟಿದ್ದು ಎಂದು ಕಾವಲುಗಾರ ಕೈ ತೋರಿಸಿದ. ಅಲ್ಲಿ ಗಿಡವಿರಲಿಲ್ಲ. ಲಾರಿ ಒಳಗೆ ತಿರುಗಲು ಜಾಗ ಸಾಲದೆಂದು ಹಿಂದಿನ ದಿನವಷ್ಟೇ ಬೇರುಸಹಿತ ಕಿತ್ತಿದ್ದರು. ಹೊಂಡಕ್ಕೆ ಜಲ್ಲಿ ಸುರಿಯುತ್ತಿದ್ದರು. ಅಂಥ ಗಿಡ ಊರಲ್ಲಿ ಸಾವಿರ ಇರಬಹುದು. ಇದ್ದರೆ ನನಗೇನು? ಅವರೇ ನೆಟ್ಟು, ಅವರೇ ಕತ್ತರಿಸಿ ಮನೆಗೆ ತಂದದ್ದು ಅಂತ ಲೋಕದಲ್ಲಿ ಉಳಿದದ್ದು ನನ್ನ ಮನೆಯ ಇಪ್ಪತ್ತೆರಡು ಕಡ್ಡಿ ಮಾತ್ರ. ಅದರಲ್ಲಿ ಒಂದಾದರೂ ಬದುಕಬೇಕು, ಒಂದು ಹೂವಾದರೂ ಬಿಡಬೇಕು. ಆ ಹೊತ್ತಿಗೆ ನನಗೆ ಬೇರೇನೂ ಬೇಕಿರಲಿಲ್ಲ.

ನೆಡುವುದು ಹೇಗೆಂದು ಆಸ್ಪತ್ರೆಯ ಮಾಲಿಯನ್ನು ಕೇಳಿದೆ. ಅವನು ಬೀಡಿ ಕೆಳಗಿಡದೆಯೇ ಹೇಳಿದ: "ಓರೆ ತುದಿ ಮಣ್ಣಿಗೆ, ನೇರ ತುದಿ ಆಕಾಶಕ್ಕೆ. ಎಲ್ಲಾ ಕಡೆ ಅದೇ ಕ್ರಮ ಅಮ್ಮ. ತಲೆಕೆಳಗಾಗಬಾರದು ಅಂತಾನೇ ಹಾಗೆ ಕತ್ತರಿಸೋದು." ಹಾಗೇ ಮಾಡಿದೆ. ಮರಳು ಬೆರೆಸಿದ ಮಣ್ಣು ಹೊತ್ತು ಮೂರನೇ ಮಹಡಿ ಹತ್ತಿದೆ. ಬಣ್ಣದ ಹಳೇ ಡಬ್ಬಗಳಿಗೆ ತೂತು ಹೊಡೆದೆ. ಓರೆ ತುದಿ ಕೆಳಗೆ, ಅರ್ಧ ಕಡ್ಡಿ ಮಣ್ಣೊಳಗೆ. ಬಾಲ್ಕನಿಯ ನೆರಳಿನ ಬದಿಯಲ್ಲಿ ಸಾಲಾಗಿ ಇಟ್ಟೆ.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಕೆಲಸಕ್ಕೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ. ಮನೆಯಲ್ಲಿ ಬೇರೆ ಏನಿತ್ತು ಕಾಯಲು? ಅಕ್ಕಿ ಅಳೆಯುವಾಗ ಕೈ ತಾನಾಗಿ ಎರಡನೇ ಸಲ ಡಬ್ಬಕ್ಕೆ ಹೋಗುತ್ತಿತ್ತು, ಮರುದಿನವೂ ಅದೇ ಅನ್ನ ಬಿಸಿ ಮಾಡಿ ಉಣ್ಣುತ್ತಿದ್ದೆ. ಮಾತಿಲ್ಲದ ಮನುಷ್ಯ ಹೋದರೆ ಮನೆಯಲ್ಲಿ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ಅವರ ಮೌನಕ್ಕೆ ಚಪ್ಪಲಿ ಬಿಡುವ ಸದ್ದಿತ್ತು, ಗಂಟಲು ಸರಿಮಾಡಿಕೊಳ್ಳುವ ಸದ್ದಿತ್ತು. ಈಗಿನದಕ್ಕೆ ಯಾವ ಸದ್ದೂ ಇಲ್ಲ. ಟಿ.ವಿ. ಹಾಕಿ ಅಡುಗೆಮನೆಯಲ್ಲಿ ಕೂರುತ್ತಿದ್ದೆ.

ನಾಲ್ಕು ವಾರ ಆಯಿತು, ಐದಾಯಿತು. ಒಂದು ಚಿಗುರಿಲ್ಲ. ಸಾಯುವುದೇ ಗೊತ್ತಿಲ್ಲದ ಗಿಡ ನನ್ನ ಕೈಯಲ್ಲಿ ಸಾಯುತ್ತಿತ್ತು. ನೀರು ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದೆ, ಕಡಿಮೆಯಾಯಿತೇನೋ ಎಂದು ಹೆಚ್ಚು ಮಾಡಿದೆ. ಒಂದು ದಿನ ಸಿಟ್ಟು ಬಂದು ಡಬ್ಬಗಳಿಗೇ ಬೈದೆ: "ಅವರ ಹಾಗೇ ನೀವೂ. ಬಾಯೇ ಬಿಡಬೇಡಿ."

ಆರನೇ ವಾರ ಬಾಗಿಲು ಬಡಿದವಳು ಕತ್ತರಿ. ನರ್ಸರಿಯಲ್ಲಿ ಅವರ ಎದುರು ಕೂತು ಕಡ್ಡಿ ಕತ್ತರಿಸುತ್ತಿದ್ದವಳು. ಅಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುವುದು, ಕೈಯಲ್ಲಿರುವ ಕತ್ತರಿಗಲ್ಲ, ಬಾಯಲ್ಲಿರುವುದಕ್ಕೆ. ಅವರ ಊಟದ ಡಬ್ಬಿಯನ್ನೂ ಬೀಗದ ಪೆಟ್ಟಿಗೆಯಲ್ಲಿದ್ದ ಅಂಗಿಯನ್ನೂ ತಂದಿದ್ದಳು. ಚಹಾ ಕುಡಿಯುತ್ತಾ ಬಾಲ್ಕನಿಯ ಕಡೆ ಹೊರಳಿದವಳು ಡಬ್ಬಗಳನ್ನು ನೋಡಿದಳು, ಬಗ್ಗಿದಳು, ಆಮೇಲೆ ಜೋರಾಗಿ ನಕ್ಕುಬಿಟ್ಟಳು.

"ಅಕ್ಕಾ, ಇವೆಲ್ಲಾ ಶೀರ್ಷಾಸನ ಹಾಕ್ಕೊಂಡು ನಿಂತಿವೆ!"

"ಏನಂದೆ?"

"ತಲೆಕೆಳಗಾಗಿ ನೆಟ್ಟಿದ್ದೀರಾ. ಓರೆ ತುದಿ ಮೇಲೆ ಬರ್ಬೇಕಿತ್ತು."

"ಓರೆ ತುದಿ ಕೆಳಗೆ ಅಂತ ಮಾಲಿ ಹೇಳಿದ್ದಾನೆ."

"ಮಾಲಿ ಸರಿಯಾಗೇ ಹೇಳಿದ್ದಾನೆ. ಲೋಕವೆಲ್ಲಾ ಕತ್ತರಿಸೋದು ಹಾಗೇ. ಅಣ್ಣ ಮಾತ್ರ ಉಲ್ಟಾ. ಮೇಲ್ಗಡೆ ಓರೆ ಇದ್ರೆ ನೀರು ನಿಲ್ಲಲ್ಲ, ಕೊಳೆಯಲ್ಲ ಅನ್ನೋರು. ಮೇಸ್ತ್ರಿ ಎಷ್ಟು ಕೂಗಾಡಿದ್ರೂ ಬಿಡ್ಲಿಲ್ಲ. ಕೊನೆಗೆ ಅವರ ಕಟ್ಟಿಗೇ ಗುರುತು ಮಾಡ್ಕೊಂಡ್ವಿ, ಪಟ್ಟಿ ಇರೋ ತುದಿ ಮಣ್ಣಿಗೆ ಅಂತ. ನರ್ಸರಿಯಲ್ಲಿ ನಾಯಿಗೂ ಗೊತ್ತು. ನಿಮಗೆ ಗೊತ್ತಿರ್ಲಿಲ್ವಾ?"

ನನ್ನ ಮೈಯೆಲ್ಲ ಉರಿದುಹೋಯಿತು. "ನನ್ನ ಗಂಡ ಹೇಗೆ ಕತ್ತರಿಸ್ತಿದ್ರು ಅಂತ ನನಗೆ ಪಾಠ ಮಾಡೋಕೆ ಬಂದ್ಯಾ? ಚಹಾ ಕುಡಿದಾಯ್ತಲ್ಲ, ಹೊರಡು" ಅಂದೆ. ಅವಳ ನಗು ನಿಂತುಹೋಯಿತು. ನಾನು ಹೊಸ್ತಿಲ ಮೇಲೆ ಕೂತೆ. ನಾಯಿಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಬಿಸಾಡಿದ ಆ ಪಟ್ಟಿ ಕಣ್ಣೆದುರು ಬಂತು. ಮೂವತ್ತೊಂದು ವರ್ಷ ಪಟ್ಟಿ ತಂದುಕೊಟ್ಟವಳು ನಾನು, ಅದನ್ನು ಯಾವ ತುದಿಗೆ ಕಟ್ಟುತ್ತಾರೆ ಅಂತ ಒಂದು ದಿನ ಕೇಳಿರಲಿಲ್ಲ. ಅವರು ಉಳಿಸಿದ್ದನ್ನು ನನ್ನ ಕೈಯಾರೆ ಕೊಂದಿದ್ದೆ. ಇಷ್ಟು ದಿನ ಬಾರದ ಅಳು ಆಗ ಬಂತು.

ಕತ್ತರಿ ಹೊರಡಲಿಲ್ಲ. ಅವಳೂ ಸ್ವಲ್ಪ ಅತ್ತಳು, ಸೆರಗಲ್ಲಿ ಮೂಗು ಒರೆಸಿಕೊಂಡಳು, ಆಮೇಲೆ ಡಬ್ಬಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಡ್ಡಿ ಕಿತ್ತು ಉಗುರಿನಿಂದ ತೊಗಟೆ ಕೆರೆಯತೊಡಗಿದಳು. ಒಳಗೆ ಕಂದಾದರೆ ಸತ್ತದ್ದು, ಹಸಿರಾದರೆ ಜೀವವಿದೆ. ಕಂದು, ಕಂದು, ಕಂದು. ಹದಿನೇಳು ಕಡ್ಡಿ ಪಕ್ಕಕ್ಕೆ ಬಿದ್ದವು. ಐದು ಹಸಿರಿದ್ದವು. ಅವುಗಳಲ್ಲಿ ಒಂದು ಮಣ್ಣೊಳಗೇ ಬಿಳೀ ಚಿಗುರು ಬಿಟ್ಟಿತ್ತು. ಕೆಳಮುಖವಾಗಿ ಹೊರಟು, ದಾರಿ ತಪ್ಪಿದ್ದು ಗೊತ್ತಾಗಿ, ಕೊಕ್ಕೆಯ ಹಾಗೆ ಬಾಗಿ ಮೇಲಕ್ಕೆ ತಿರುಗಿತ್ತು.

"ಹಠ ನೋಡಿ" ಅಂದಳು. "ಅಣ್ಣಂದೇ."

ಐದನ್ನೂ ತಿರುಗಿಸಿ ನೆಟ್ಟಳು. ನಾನು ಮಣ್ಣು ಒತ್ತಿದೆ. ಕೊನೆಗೆ ಕೇಳಿಯೇಬಿಟ್ಟೆ.

"ಇದನ್ನ ಯಾರಿಗೆ ಅಂತ ಕತ್ತರಿಸಿದ್ರು?"

"ನಾನೂ ಕೇಳಿದೆ. 'ಮನೆಗೆ' ಅಂದ್ರು."

"ಅಷ್ಟೇನಾ?"

"ಅಣ್ಣನ ವಿಷಯ ಗೊತ್ತಲ್ಲ ಅಕ್ಕ, ಅದೇ ಜಾಸ್ತಿ."

"ನನ್ನ ಬಗ್ಗೆ ಏನಾದ್ರೂ ಅಂತಿದ್ರಾ?"

ಕತ್ತರಿ ಯೋಚಿಸಿದಳು. ಒಳ್ಳೆಯ ಸುಳ್ಳೊಂದನ್ನು ಹುಡುಕುತ್ತಿದ್ದಾಳೆ ಅನ್ನಿಸಿತು, ಆದರೆ ಅವಳ ಬಾಯಿಗೆ ಅದು ಒಗ್ಗುವುದಿಲ್ಲ. "ಏನೂ ಇಲ್ಲ ಅಕ್ಕ. ಒಂದೇ ಒಂದು. ಪಟ್ಟಿ ಗಿಡ್ಡ ಮಾಡ್ತಾಳೆ, ಕಟ್ಟಿಗೆ ಸಾಲಲ್ಲ ಅಂತಿದ್ರು. ದಿನಾ ಬೆಳಿಗ್ಗೆ ಬಂದು ಎರಡೆರಡು ಗಂಟು ಹಾಕ್ಕೊಳ್ಳೋದೇ ಮೊದಲ ಕೆಲಸ. ಉದ್ದ ಮಾಡೋಕೆ ಹೇಳಿ ಅಂದ್ರೆ, 'ಪಾಪ, ಸುಸ್ತಾಗಿರ್ತಾಳೆ' ಅನ್ನೋರು."

ಅಂಚು ಉದ್ದವಾಗಿಯೇ ಇರುತ್ತಿತ್ತು. ಅದನ್ನು ಗೇಣುದ್ದ ತುಂಡು ಮಾಡಲು ನಾನು ಪ್ರತಿದಿನ ಕಾಲು ಗಂಟೆ ಹೆಚ್ಚು ಕೂರುತ್ತಿದ್ದೆ, ಅವರಿಗೆ ಅನುಕೂಲವಾಗಲಿ ಎಂದು. ನಾನು ಕತ್ತರಿಸುವುದು, ಅವರು ಗಂಟು ಹಾಕುವುದು. ಒಂದು ಮಾತು ಸಾಕಿತ್ತು. ಅವರು ಆಡಲಿಲ್ಲ, ನಾನು ಕೇಳಲಿಲ್ಲ. ಅವರ ಮೇಲೆ ಕೋಪ ಬಂತು, ಎದುರಿಗಿದ್ದಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ಎದುರಿಗಿರಲಿಲ್ಲ.

ತಿರುಗಿಸಿ ನೆಟ್ಟ ಐದರಲ್ಲಿ ನಾಲ್ಕು ಹೋದವು. ಕೊಕ್ಕೆಯ ಚಿಗುರಿನದು ಉಳಿಯಿತು. ಮೊದಲು ಒಂದು ಕಡೆ ಬಾಗಿ, ತಿರುಗಿಸಿದ ಮೇಲೆ ಇನ್ನೊಂದು ಕಡೆ ಬಾಗಿ, ನೆಟ್ಟಗೆ ನಿಲ್ಲಲು ಬಾರದ ಗಿಡವಾಯಿತು. ಯಾವ ನರ್ಸರಿಯವರೂ ಅದನ್ನು ಮಾರಾಟಕ್ಕಿಡುವುದಿಲ್ಲ. ಹತ್ತು ತಿಂಗಳಿಗೆ ನನ್ನ ಸೊಂಟದೆತ್ತರ ಬಂತು. ಕತ್ತರಿ ಆಗಾಗ ಬಂದು ನೋಡಿ, ಬಾಯಿ ತುಂಬಾ ಮಾತಾಡಿ ಹೋಗುತ್ತಾಳೆ. ಅವಳು ಹೋದ ಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತದೆ, ಆದರೂ ಬರಲಿ ಅನ್ನಿಸುತ್ತದೆ.

ಹೋದ ವಾರ ಹೂ ಬಿಟ್ಟಿತು. ಒಂದೇ ಗೊಂಚಲು, ತುದಿಯಲ್ಲಿ. ಆ ಭಾರಕ್ಕೆ ಸೊಟ್ಟ ಕಾಂಡ ಬಾಲ್ಕನಿಯ ಕಂಬಿಯಾಚೆ ವಾಲಿತು. ಮಾರನೇ ದಿನ ಹೊಲಿಗೆ ಕೋಣೆಯಲ್ಲಿ ಹಾಸಿಗೆ ಬಟ್ಟೆಯ ಒಂದು ಅಂಚನ್ನು ಪೂರ್ತಿ ಹಾಗೇ ತೆಗೆದೆ, ಎಲ್ಲೂ ಕತ್ತರಿ ತಾಗಿಸಲಿಲ್ಲ. ನನಗಿಂತ ಉದ್ದದ ಪಟ್ಟಿ. ಸುತ್ತಿ ಚೀಲಕ್ಕೆ ಹಾಕಿಕೊಂಡು ಬಂದೆ. ಊಟ ಮುಗಿಸಿ, ಪಾತ್ರೆ ಸಿಂಕಿಗೆ ಹಾಕಿ, ಇನ್ನೂ ಬೆಳಕಿರುವಾಗಲೇ ಬಾಲ್ಕನಿಗೆ ಹೋದೆ. ಕೋಲು ನಿಲ್ಲಿಸಿ, ಕಾಂಡವನ್ನು ಅದಕ್ಕೆ ಒರಗಿಸಿ, ಕೆಳಗಿನಿಂದ ಸುತ್ತುತ್ತಾ ಬಂದು ಮೇಲೆ ಗಂಟು ಹಾಕಿದೆ. ಒಂದೇ ಗಂಟು. ಅರ್ಧ ಪಟ್ಟಿ ಇನ್ನೂ ನೇತಾಡುತ್ತಿತ್ತು.

"ಈಗ ಉದ್ದ ಸಾಕೇನ್ರೀ?" ಅಂದೆ.

ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸು ತಿರುಗಿ ನೋಡಿ, ಮತ್ತೆ ಬಟ್ಟೆಯ ಕಡೆ ತಿರುಗಿದಳು. ಗಂಟು ಬಿಗಿಯುವಾಗ ಗೊಂಚಲು ಅಲುಗಿ ಒಂದು ಹೂ ನೆಲಕ್ಕೆ ಬಿದ್ದಿತ್ತು. ಎತ್ತಿಕೊಂಡು ಎಡಗೈಯ ಕಿರುಬೆರಳಿಗೆ ಸಿಕ್ಕಿಸಿಕೊಂಡೆ. ಮುರುಟಿದ ಈ ಬೆರಳಿಗೂ ಸರಿಯಾಗಿ ಕೂತಿತು. ಚೆನ್ನಾಗಿದೆ ಅಂದೆ, ಸ್ವಲ್ಪ ಜೋರಾಗಿಯೇ. ಅದು ಬಾಡಿ ತಾನಾಗಿ ಜಾರುವ ತನಕ ಅಲ್ಲೇ ಕೂತಿದ್ದೆ. ಪಾತ್ರೆ ತೊಳೆದದ್ದು ಮರುದಿನ ಬೆಳಿಗ್ಗೆ.