ಲೆಸ್ಟರ್‌ನ ಎಡಗಿವಿ

ಬಾವುಟದ ಒಂದು ಅಂಚನ್ನು ಕೆಲ್ವಿನ್ ಆಪಿ ಎಳೆದ. ಇನ್ನೊಂದು ಅಂಚನ್ನು ಮೆರಿನ್ ಬಿಡಲಿಲ್ಲ. ನಡುವೆ ಶವಪೆಟ್ಟಿಗೆ. ಒಳಗೆ ಅವಳ ಅಪ್ಪ ಲೆಸ್ಟರ್ ಟ್ರೆಥೇವಿ.

"ಕೈ ಬಿಡಮ್ಮ, ಸುಕ್ಕಾಗುತ್ತೆ," ಎಂದ ಕೆಲ್ವಿನ್. ಊರಿನ ನಿವೃತ್ತ ಯೋಧರ ಸಂಘಕ್ಕೆ ಅವನೇ ಅಧ್ಯಕ್ಷ. ಕೋಟಿನ ಎದೆಯ ಮೇಲೆ ವಿಯೆಟ್ನಾಂ ಯುದ್ಧದ ಪದಕಗಳು ತೂಗುತ್ತಿದ್ದವು. ಬಾವುಟಕ್ಕೆ ತಾನೇ ಇಸ್ತ್ರಿ ಹಾಕಿ ತಂದಿದ್ದ. "ಅಳೋದಿದ್ರೆ ಅತ್ತುಬಿಡು. ಬಾವುಟ ಬಿಡು."

"ಅಳ್ತಿಲ್ಲ ಕೆಲ್ವಿನ್. ಇದು ಬೇಡ."

"ಬೇಡ ಅಂದ್ರೆ? ಸೈನಿಕನ ಪೆಟ್ಟಿಗೆ ಬೋಳಾಗಿ ಹೋಗ್ಬೇಕಾ? ಕಹಳೆ ಊದೋ ಹುಡುಗೀನೂ ಕರೆಸಿದೀನಿ."

ಮೆರಿನ್ ತಿರುಗಿ ನೋಡಿದಳು. ಪ್ರಾರ್ಥನಾ ಮಂದಿರದಲ್ಲಿ ಇನ್ನೂ ಜನ ಸೇರಿರಲಿಲ್ಲ. ಮುಂದಿನ ಬೆಂಚಿನಲ್ಲಿ ಅಮ್ಮ ಬೆರಿಲ್ ಒಬ್ಬಳೇ ಕೂತು ಕರವಸ್ತ್ರದ ಅಂಚು ಕೀಳುತ್ತಿದ್ದಳು. ಮಗಳ ಕಣ್ಣಿಗೆ ಕಣ್ಣು ಸಿಕ್ಕಿದ್ದೇ, ಹೇಳಬೇಡ ಎನ್ನುವಂತೆ ತಲೆಯಾಡಿಸಿದಳು. ಅಪ್ಪ ಸತ್ತಂದಿನಿಂದ ಅಡುಗೆಮನೆಯಲ್ಲಿ ಇದೇ ಜಗಳ. "ಊರು ನಂಬಿಕೊಂಡಿದೆ. ಒಂದು ಬಟ್ಟೆ ಹೊದಿಸಿದ್ರೆ ಯಾರ ಗಂಟು ಹೋಗುತ್ತೆ?" ಎಂದಿದ್ದಳು ಅಮ್ಮ. ಈಗ ಬಟ್ಟೆ ಕೈಯಲ್ಲಿತ್ತು.

"ಅಪ್ಪ ವಿಯೆಟ್ನಾಂಗೆ ಹೋಗಿರಲಿಲ್ಲ," ಎಂದಳು. "ಸೈನ್ಯಕ್ಕೇ ಸೇರಿರಲಿಲ್ಲ."

ಕೆಲ್ವಿನ್ ನಕ್ಕುಬಿಟ್ಟ. "ಮತ್ತೆ ಆ ಎಡಗಿವಿ? ಫಿರಂಗಿ ಪಕ್ಕ ನಿಂತು ಕಳ್ಕೊಂಡ ಕಿವಿ ಅದು. ಇಡೀ ಊರಿಗೆ ಗೊತ್ತು."

"ಮಂಗನಬಾವು. ಚಿಕ್ಕ ಹುಡುಗ ಇದ್ದಾಗ."

ನಗು ಹಾಗೇ ಒಣಗಿತು. "ಪ್ರತಿ ಏಪ್ರಿಲ್‌ನಲ್ಲಿ ಯೋಧರ ಸ್ಮರಣೆ ದಿನ ನನ್ನ ಜೊತೆ ನಿಲ್ತಿದ್ದ ಅವನು."

"ನಿಮ್ಮ ಜೊತೆ ಅಲ್ಲ. ರಸ್ತೆ ಆಚೆ, ಕೆಡೆಟ್ ಮಕ್ಕಳ ಜೊತೆ. ಒಂದು ದಿನ ಪದಕ ಹಾಕಿದ್ದು ನೋಡಿದೀರಾ?"

"ಹಾಕ್ಕೊಳ್ಳೋಕೆ ಮನಸ್ಸು ಬಾರದೋರು ಬೇಕಾದಷ್ಟು ಜನ ಇದಾರೆ. ಅಂಥೋನು ಅಂದ್ಕೊಂಡಿದ್ದೆ." ಬೆಂಚಿನತ್ತ ತಿರುಗಿದ. "ಬೆರಿಲ್, ನಿನಗೂ ಗೊತ್ತಿತ್ತಾ?"

"ಕಟ್ಕೊಂಡವಳಿಗೆ ಗಂಡನ ಯಾವ ಕಿವಿ ಯಾಕೆ ಕೇಳಿಸಲ್ಲ ಅಂತ ಗೊತ್ತಿರಲ್ವಾ?" ಎಂದಳು ಬೆರಿಲ್, ಕರವಸ್ತ್ರದಿಂದ ಕಣ್ಣೆತ್ತದೆ.

ಕೆಲ್ವಿನ್ ಬಾವುಟವನ್ನು ಮಡಿಸತೊಡಗಿದ. ಮೆರಿನ್ ನೆರವಿಗೆ ಕೈ ಚಾಚಿದಳು. "ಬೇಡ. ಇದು ನನಗೆ ಬರುತ್ತೆ," ಎಂದವನೇ ಅಂಚಿಗೆ ಅಂಚು ಕೂಡಿಸಿ ಮಡಿಸಿ, ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದ. ಅಂಗಳದಲ್ಲಿ ಕಾರಿನ ಬಾಗಿಲು ಬಡಿದ ಸದ್ದು ಒಳಗಿನವರೆಗೂ ಕೇಳಿಸಿತು.

* * *

ಮೆರಿನ್ ಕೆಡೆಟ್ ಆದಾಗ ಅವಳಿಗೆ ಹದಿಮೂರು ತುಂಬಿತ್ತು. ವಾರದ ದಿನಗಳಲ್ಲಿ ಅಪ್ಪ ಧಾನ್ಯ ತುಂಬಿಡುವ ಸೈಲೋ ಗೋಪುರದ ಬಳಿ ಬಾರ್ಲಿ ಲಾರಿಗಳನ್ನು ತೂಗುತ್ತಿದ್ದ. ಶನಿವಾರ ಬಂತೆಂದರೆ ಊರಿನ ಮಕ್ಕಳನ್ನು ಊರ ಹಿಂದಿನ ಮ್ಯಾಲೀ ಗಿಡಗಳ ಕುರುಚಲು ಕಾಡಿಗೆ ಕರೆದೊಯ್ಯುತ್ತಿದ್ದ. ಮುಖಕ್ಕೆ ಕೆಸರು ಹಚ್ಚುವುದು, ಹೊಟ್ಟೆಯ ಮೇಲೆ ತೆವಳುವುದು, ಒಣಕಡ್ಡಿ ಮುರಿಯದಂತೆ ಹೆಜ್ಜೆಯಿಡುವುದು, ಒಬ್ಬರಿಂದೊಬ್ಬರು ದೂರವಿದ್ದು ಸನ್ನೆಯಲ್ಲೇ ಮಾತಾಡುವುದು ಅಲ್ಲಿನ ಪಾಠ.

"ಟೋಪಿಗೆ ಬೆಳಿಗ್ಗೆ ಸಿಕ್ಕಿಸಿದ ಸೊಪ್ಪು ಮಧ್ಯಾಹ್ನಕ್ಕೆ ಬಾಡುತ್ತೆ," ಎನ್ನುತ್ತಿದ್ದ. "ಬಾಡಿದ ಪೊದೆ ಹಸಿರು ಪೊದೆಗಳ ಮಧ್ಯೆ ನಡೆದಾಡಿದ್ರೆ ಕುರಿಗೂ ಅನುಮಾನ ಬರುತ್ತೆ. ಬದಲಾಯಿಸ್ತಾ ಇರಿ."

ಒಂದು ಶನಿವಾರ ಅವನು ಬಯಲಿನ ನಡುವೆ ಕೂತು, ಸದ್ದಿಲ್ಲದೆ ಬಂದು ತನ್ನ ಬೆನ್ನು ಮುಟ್ಟುವಂತೆ ಮಕ್ಕಳಿಗೆ ಹೇಳಿದ. ಸದ್ದು ಕೇಳಿದತ್ತ ಬೆರಳು ತೋರಿಸಿದರೆ ಅವರು ಸತ್ತಂತೆ. ಒಬ್ಬೊಬ್ಬರಾಗಿ ಎಲ್ಲರೂ ಸತ್ತರು. ಮೆರಿನ್ ಮಾತ್ರ ಬಂದು ಬೆನ್ನು ಮುಟ್ಟಿದಳು. ಅಪ್ಪ ಎಲ್ಲರೆದುರು ಅವಳ ಕೈ ಕುಲುಕಿದ.

ಮನೆಗೆ ಹಿಂತಿರುಗುವಾಗ ಪಿಕಪ್ ಗಾಡಿಯಲ್ಲಿ ಅವಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ನಾನೇನೂ ಚೆನ್ನಾಗಿ ತೆವಳಿಲ್ಲ. ನಿನ್ನ ಎಡಗಡೆಯಿಂದ ಬಂದೆ ಅಷ್ಟೆ."

"ಗೊತ್ತು."

"ಮೋಸ ಅಲ್ವಾ?"

"ವೈರಿಗೆ ಯಾವ ಕಿವಿ ಕೇಳಲ್ಲ ಅಂತ ತಿಳ್ಕೊಂಡು ಬರೋದು ಮೋಸ ಅಲ್ಲ. ಅದೇ ವಿದ್ಯೆ."

ಸ್ವಲ್ಪ ದೂರ ಹೋದ ಮೇಲೆ ಅವಳು ಕೇಳಿದಳು. "ಫಿರಂಗಿ ಸದ್ದಿಗೆ ತುಂಬಾ ನೋವಾಯ್ತಾ?"

ಅಪ್ಪ ಗಾಡಿಯ ವೇಗ ತಗ್ಗಿಸಿದ. "ಯಾವ ಫಿರಂಗಿ? ಮಂಗನಬಾವು ಬಂದು ಹೋದ ಕಿವಿ ಕಣೇ ಇದು. ಸೈನ್ಯ ಸೇರ್ತೀನಿ ಅಂತ ಅಡಿಲೇಡ್‌ಗೆ ಹೋದೆ. ಡಾಕ್ಟರು ಕಿವಿ ಹತ್ರ ಗಡಿಯಾರ ಹಿಡಿದ. 'ಮನೆಗೆ ಹೋಗಪ್ಪಾ' ಅಂದ."

"ಮತ್ತೆ ಎಲ್ಲರೂ..."

"ನಾನು ಹೇಳಿಲ್ಲ. ಯಾರೋ ಊಹಿಸಿದ್ರು. ಆಗಲೇ ಅಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಆಮೇಲೆ ಹೊತ್ತು ಮೀರಿತು."

"ಈಗ ಹೇಳು."

"ಹೇಳಿದ್ರೆ ಶನಿವಾರ ನಿಮ್ಮನ್ನ ನನ್ನ ಜೊತೆ ಯಾರು ಕಳಿಸ್ತಾರೆ?" ಎಂದ ಅಪ್ಪ. ಅದು ತಮಾಷೆಯೋ ಅಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ ಕೂತೇ ಮತ್ತೆ ಅಂದ. "ಸೈನ್ಯಕ್ಕೆ ನಾನು ಬೇಡ ಆದೆ ಮೆರಿನ್. ಈ ಮಕ್ಕಳು ಬೇಡ ಅನ್ನಲಿಲ್ಲ."

* * *

ಮಂದಿರ ತುಂಬಿತು. ಕೊಯ್ಲಿನ ಕಾಲ, ಗಂಡಸರು ಯಂತ್ರಗಳನ್ನು ಹೊಲದಲ್ಲೇ ನಿಲ್ಲಿಸಿ, ಕುತ್ತಿಗೆಗೆ ಅಂಟಿದ ಬಾರ್ಲಿ ಹೊಟ್ಟನ್ನು ಕೆರೆಯುತ್ತ ಬಂದಿದ್ದರು. ಹಿಂದಿನ ಸಾಲುಗಳಲ್ಲಿ ಅಪ್ಪನ ಹಳೆಯ ಕೆಡೆಟ್‌ಗಳು. ಒಂದು ಕಾಲದಲ್ಲಿ ಕೆಸರು ಬಳಿದುಕೊಂಡಿದ್ದ ಮುಖಗಳಿಗೆ ಈಗ ಕನ್ನಡಕ, ನರೆತ ಮೀಸೆ. ಬೋಳು ಪೆಟ್ಟಿಗೆ ನೋಡಿ ಪಿಸುಮಾತು ಶುರುವಾಯಿತು.

"ಬಾವುಟ ಎಲ್ಲಿ?"

"ಕೆಲ್ವಿನ್ ಮರೆತಿರ್ಬೇಕು. ವಯಸ್ಸಾಯ್ತಲ್ಲ."

ಕೆಲ್ವಿನ್ ಮರೆತ ಎನ್ನುವ ಮಾತು ಮೆರಿನ್‌ಗೆ ಚುಚ್ಚಿತು. ಮಾತಾಡುವ ಸರದಿ ಬಂದಾಗ ಎದ್ದು ನಿಂತಳು. ಅಪ್ಪನ ಹುಟ್ಟು, ಮದುವೆ, ಸೈಲೋ ಕೆಲಸ ಹೇಳಿದಳು. ಆಮೇಲೆ ಉಸಿರು ಎಳೆದುಕೊಂಡಳು.

"ನಮ್ಮಪ್ಪ ಸೈನಿಕ ಆಗಿರಲಿಲ್ಲ. ಆಗೋಕೆ ಹೋಗಿದ್ರು, ಕಿವಿ ಕೇಳಲ್ಲ ಅಂತ ವಾಪಸ್ ಕಳಿಸಿದ್ರು. ಯುದ್ಧದಲ್ಲಿ ಹೋದ ಕಿವಿ ಅಲ್ಲ ಅದು, ಮಂಗನಬಾವು. ನೀವೆಲ್ಲ ಬೇರೆ ಥರ ತಿಳ್ಕೊಂಡಿದ್ರಿ. ಅವರು ತಿದ್ದಲಿಲ್ಲ. ಅದು ತಪ್ಪೇ. ಬಾವುಟ ನಾನೇ ಬೇಡ ಅಂದೆ."

ಬೆರಿಲ್ ತಲೆ ತಗ್ಗಿಸಿಕೊಂಡಳು. ಹಿಂದಿನಿಂದ ಒಂದು ಬೆಂಚು ಕಿರುಗುಟ್ಟಿತು. ಡೀನಾ ಶುಲ್ಟ್ಸ್ ಎದ್ದಿದ್ದಳು. ಮೆರಿನ್ ಜೊತೆಗೇ ಕೆಡೆಟ್ ಆಗಿದ್ದವಳು; ಈಗ ದೊಡ್ಡ ಊರಿನ ಆಸ್ಪತ್ರೆಯಲ್ಲಿ ನರ್ಸು.

"ಮಂಗನಬಾವಾ?" ಎಂದಳು ಜೋರಾಗಿ. "ಯುದ್ಧದಲ್ಲಿ ಹೋದ ಕಿವಿ, ಆ ಕಡೆಯಿಂದ ಹೋದ್ರೆ ಪಾಪ ಬರುತ್ತೆ ಅಂತ ನಾನು ವರ್ಷಗಟ್ಟಲೆ ಬಲಗಡೆಯಿಂದಾನೇ ತೆವಳಿ ಸತ್ತೆನಲ್ಲೇ!"

ಮೊದಲು ಒಬ್ಬ ನಕ್ಕ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಬೆರಿಲ್‌ನ ಭುಜ ಅಲುಗತೊಡಗಿತು. ಅಳುವೋ ನಗುವೋ, ಕರವಸ್ತ್ರ ಅಡ್ಡವಿತ್ತು. ಎಲ್ಲರೂ ನಗಲಿಲ್ಲ. ಪದಕ ಧರಿಸಿದ್ದ ಇಬ್ಬರು ಮುದುಕರು ಎದ್ದು ಹೊರಟುಹೋದರು. ಅವರಿಗೆ ದಾರಿ ಬಿಡಲು ಬಾಗಿಲಲ್ಲಿ ಪಕ್ಕಕ್ಕೆ ಸರಿದವನನ್ನು ಮೆರಿನ್ ಆಗ ನೋಡಿದಳು. ಕೆಲ್ವಿನ್. ಕೈ ಖಾಲಿಯಿತ್ತು. ಅವನು ಹೊರಡಲಿಲ್ಲ.

ಮಣ್ಣು ಮಾಡುವಾಗ ಕಹಳೆ ಊದಲಿಲ್ಲ. ಪಾದ್ರಿ ಓದಿದ, ಬಿಸಿಗಾಳಿ ಬೀಸಿತು, ನೊಣಗಳು ಮುತ್ತಿದವು, ಎಲ್ಲರೂ ಹಿಡಿಮಣ್ಣು ಹಾಕಿದರು.

* * *

ಊರಿನ ಸಭಾಭವನದಲ್ಲಿ ಮಾಂಸದ ಹೂರಣದ ಪೇಸ್ಟಿ ಮತ್ತು ಚಹಾ. ಕಹಳೆಯ ಹುಡುಗಿ ಮೂಲೆಯಲ್ಲಿ ಕೂತು ಎರಡನೆಯ ಪೇಸ್ಟಿ ತಿನ್ನುತ್ತಿದ್ದಳು. ಕೆಲ್ವಿನ್ ಹಿಂದಿನ ಜಗಲಿಯಲ್ಲಿ ಒಬ್ಬನೇ ನಿಂತಿದ್ದ. ಮೆರಿನ್ ಅವನಿಗೊಂದು ಕಪ್ ಚಹಾ ಒಯ್ದಳು.

"ನನಗೆ ಕೋಪ ಹೋಗಿಲ್ಲ," ಎಂದ.

"ಹೋಗ್ಬೇಕು ಅಂತ ನಾನು ಹೇಳ್ತಿಲ್ಲ."

"ಒಂದು ಸಲ ಕೇಳಿದ್ದೆ ಅವನನ್ನ. ಯಾವ ತುಕಡೀಲಿದ್ದೆ ಮಾರಾಯ ಅಂತ. 'ಆಂ?' ಅಂದ. ಪಾಪ, ಕೇಳಿಸಲಿಲ್ಲ ಅಂತ ಸುಮ್ಮನಾದೆ."

"ಯಾವ ಕಡೆ ನಿಂತಿದ್ರಿ?"

ಕೆಲ್ವಿನ್ ಕಪ್ಪನ್ನು ತುಟಿಗೆ ಒಯ್ದವನು ನಿಲ್ಲಿಸಿದ. ನೆನಪು ಮಾಡಿಕೊಂಡ. "ಬಲಗಡೆ," ಎಂದ ನಿಧಾನವಾಗಿ.

"ಕಳ್ಳ ನನ್ಮಗ," ಎಂದ ಕೆಲ್ವಿನ್. ಚಹಾ ಕುಡಿದ.

ಒಳಗಿನಿಂದ ಡೀನಾ ಬಂದಳು. ಹಿಂದೆ ಹಳೆಯ ಕೆಡೆಟ್‌ಗಳ ಗುಂಪು. ಒಬ್ಬ ಟೈ ಬಿಚ್ಚಿ ಜೇಬಿಗೆ ತುರುಕುತ್ತಿದ್ದ; ಇನ್ನೊಬ್ಬಳು ಚಪ್ಪಲಿ ಕಳಚಿ ಮೆಟ್ಟಿಲ ಮೇಲಿಟ್ಟಳು.

"ಕೆಲ್ವಿನ್, ನೀವು ಬೇಕು. ನಾವು ಅಡಗಿಕೊಳ್ತೀವಿ, ನೀವು ಹುಡುಕಬೇಕು. ಈ ಜಗಲಿ ಬಿಟ್ಟು ಇಳಿಯೋ ಹಾಗಿಲ್ಲ."

"ಹುಚ್ಚಾ ನಿಮಗೆ? ನಾನ್ಯಾಕೆ?"

"ಯುದ್ಧ ನೋಡಿದ ಕಣ್ಣು ಬೇಕು. ಬೇರೆಯೋರ ಕಣ್ಣಿಗೆ ನಾವು ಸಿಗಲಿಲ್ಲ ಅಂದ್ರೆ ಅದು ಲೆಕ್ಕಕ್ಕಿಲ್ಲ."

ಕೆಲ್ವಿನ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಪ್ಪನ್ನು ಕಟಾಂಜನದ ಮೇಲಿಟ್ಟು ಗೋಡೆಗೆ ಮುಖ ಮಾಡಿ ನಿಂತ. ಮೆರಿನ್‌ಗೂ ತಿರುಗುವಂತೆ ಕೈಸನ್ನೆ ಮಾಡಿದ. ಬೆನ್ನ ಹಿಂದೆ ಬರಿಗಾಲುಗಳು ಮೆಟ್ಟಿಲಿಳಿದವು. ಯಾರೋ ಮಂಡಿನೋವೆಂದು ಶಾಪ ಹಾಕಿದರು. ಆಮೇಲೆ ಸದ್ದು ನಿಂತಿತು.

ತಿರುಗಿದಾಗ ಎದುರಿಗೆ ಬಯಲು. ಉಪ್ಪುನೆಲದ ಬೂದು ಪೊದೆಗಳು, ಮೊಣಕಾಲೆತ್ತರದ ಒಣಹುಲ್ಲು, ಮುರಿದ ಬೇಲಿ, ಅದರಾಚೆ ಕೊಯ್ದ ಬಾರ್ಲಿಯ ಕೂಳೆ. ಇಳಿಹೊತ್ತಿನ ಬಿಸಿಲು ಎಲ್ಲದರ ಮೇಲೂ ಬಿದ್ದಿತ್ತು. ಕೆಲ್ವಿನ್ ಕಣ್ಣಿಗೆ ಕೈ ಅಡ್ಡ ಹಿಡಿದ. ಎಡಮೂಲೆಯಿಂದ ಶುರುಮಾಡಿ ಪೊದೆ ಪೊದೆಯನ್ನೂ ನೋಡುತ್ತ ಬಲಮೂಲೆಗೆ ಬಂದ. ಮತ್ತೆ ಹಿಂದಕ್ಕೆ ಹೋದ. ಜಗಲಿಯ ಅಂಚಿಗೆ ಬಂದು ಬಗ್ಗಿ ನೋಡಿದ. ಎದೆಯ ಪದಕಗಳು ಒಂದಕ್ಕೊಂದು ತಾಗಿದವು. ಅವನ್ನೂ ಕೈಯಿಂದ ಹಿಡಿದು ನಿಲ್ಲಿಸಿದ.

"ಎಷ್ಟು ಜನ ಹೋದ್ರು?" ಎಂದು ಪಿಸುಗುಟ್ಟಿದ.

"ಹತ್ತು ಹನ್ನೆರಡು ಜನ ಇರ್ಬೇಕು," ಎಂದಳು ಮೆರಿನ್, ಅಷ್ಟೇ ಮೆಲ್ಲಗೆ.

ಗಾಳಿ ಬಂದು ಹುಲ್ಲನ್ನು ಬಾಗಿಸಿ ಹೋಯಿತು. ಒಂದು ಕಾಗೆ ಬೇಲಿಗಂಬದಿಂದ ಇಳಿದು, ಪೊದೆಗಳ ನಡುವೆ ನಿಶ್ಚಿಂತೆಯಿಂದ ಕಾಳು ಹೆಕ್ಕತೊಡಗಿತು. ಮುದುಕ ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದ. ಅವನ ಕಣ್ಣಿಗೆ ಬಯಲಿನಲ್ಲಿ ಒಬ್ಬರೂ ಇರಲಿಲ್ಲ.